ಸಾಗರದ ಪೈ ಮತ್ತೆ ಸಿಕ್ಕಿತು: 8 ಬೈಟಿನ ಜಗಳ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಬೆಂಗಳೂರಿನ ಡೆಸ್ಕ್‌ಟಾಪ್‌ನಿಂದ ನಮ್ಮೂರು ಸಾಗರದ ಮನೆಯಲ್ಲಿರುವ ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಪೂರ್ತಿಯಾಗಿ ಕೈಗೆ ಸಿಕ್ಕಿತು. ಆರು ದಿನ ಆಗಿತ್ತು. ಅದರ ಕರ್ನಲ್ ಲಾಗ್ (ವ್ಯವಸ್ಥೆ ತಾನೇ ಬರೆದಿಡುವ ಉದ್ದದ ದಾಖಲೆ) ಸರಸರನೆ ಪರದೆ ತುಂಬಿದಾಗ ಕುರ್ಚಿಯಿಂದ ಎದ್ದೇಬಿಟ್ಟೆ.

ವ್ಯವಸ್ಥೆ ಹಳೆಯದೇ. ಊರಿನ ಫೈಬರ್ ಸಿಜಿನ್ಯಾಟ್ ಹಿಂದಿದೆ, ಅಂದರೆ ಹಲವು ಮನೆಗಳಿಗೆ ಹೊರಗೆ ಒಂದೇ ವಿಳಾಸ. ರೌಟರ್‌ಗೆ ಸಿಗುವುದು 100.64ರ ಸಾಲಿನ ಒಳವಿಳಾಸ, ಹೊರಗಿನಿಂದ ನೇರ ತಲುಪಲಾಗದು. ಹಾಗಾಗಿ ಪೈ ಮತ್ತು ಡೆಸ್ಕ್‌ಟಾಪ್ ಎರಡೂ ಒಂದು ಬಾಡಿಗೆ ವಿಪಿಎಸ್‌ಗೆ (ಇಂಟರ್ನೆಟ್‌ನಲ್ಲಿರುವ ಸರ್ವರ್) ವೈರ್‌ಗಾರ್ಡ್ ಅನ್ನುವ ಗೂಢಲಿಪಿಯ ಸುರಂಗ ಹಾಕಿಕೊಂಡು ಅಲ್ಲೇ ಭೇಟಿಯಾಗುತ್ತವೆ. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಅದರೊಳಗೆ. ಇಡಿ25519 ಬಗೆಯ ಡಿಜಿಟಲ್ ಕೀ ಮಾತ್ರ, ಪಾಸ್‌ವರ್ಡ್ ಬಂದ್. ಒಂದು ವರ್ಷ ತಕರಾರಿಲ್ಲದೆ ಓಡಿತ್ತು.

ವಿಪಿಎಸ್‌ನವರು ಐಪಿವಿ4 ವಿಳಾಸಕ್ಕೆ (ಇಂಟರ್ನೆಟ್ ವಿಳಾಸದ ಹಳೆಯ ಬಗೆ) ಬೇರೆ ಬಾಡಿಗೆ ಕೊಡಿ ಅಂದರು. ಮೊದಲು ಹೇಳಿದ ದರದಲ್ಲಿ ಅದೂ ಸೇರಿತ್ತು. ಹೀಗೆ ನಡುವೆ ಮಾತು ಬದಲಿಸಿದರೆ ಸಿಟ್ಟು ಬರುತ್ತೆ, ಅಲ್ವಾ? ಹಬ್ಬಕ್ಕೆ ಊರಿಗೆ ಹೋದಾಗ ಪೈನ ವೈರ್‌ಗಾರ್ಡ್ ಎಂಡ್‌ಪಾಯಿಂಟನ್ನು (ಅದು ಹುಡುಕಿಕೊಂಡು ಹೋಗುವ ವಿಪಿಎಸ್ ವಿಳಾಸ) ಹೊಸ ಬಗೆಯ ಐಪಿವಿ6ಗೆ ಬದಲಿಸಿ ಬಂದೆ. ಪಿಂಗ್ (ತಲುಪುತ್ತಾ ಅಂತ ನೋಡುವ ಪುಟ್ಟ ಸಂದೇಶ) ಹೋಯಿತು, ಸಾಕು ಅಂತ ಬಸ್ ಹತ್ತಿದೆ.

ಬೆಂಗಳೂರಿಗೆ ಬಂದು ನೋಡಿದರೆ ಪಿಂಗ್ ಈಗಲೂ ಹೋಗುತ್ತೆ, ಎಸ್‌ಎಸ್‌ಎಚ್ ಮಾತ್ರ ನಿಂತುಬಿಡುತ್ತೆ. ಹೆಚ್ಚು ವಿವರ ತೋರಿಸಲಿ ಅಂತ ಮೂರು ‘ವಿ’ ಹಾಕಿ ನೋಡಿದೆ. ಪೋರ್ಟ್ 22 ತೆರೆಯುತ್ತೆ, ಎರಡೂ ಕಡೆಯ ಆವೃತ್ತಿ ಕಾಣುತ್ತೆ, ಆಮೇಲೆ ‘ಕೆಕ್ಸ್ ಇಸಿಡಿಎಚ್ ರಿಪ್ಲೈ’ಗೆ (ಗುಟ್ಟಿನ ಕೀ ವಿನಿಮಯದ ಉತ್ತರಕ್ಕೆ) ಕಾಯುತ್ತಿದ್ದೇನೆ ಅನ್ನುವ ಸಾಲು. ಅಲ್ಲಿಗೆ ಮುಗಿಯಿತು. ನನ್ನ ಲಾಗಿನ್ ಕೀ ಕೇಳುವ ಹಂತಕ್ಕೇ ಬಂದಿಲ್ಲ. ಆದರೂ ಎರಡು ರಾತ್ರಿ ಕೀ, ಫೈಲ್ ಪರ್ಮಿಷನ್, ಫೈರ್‌ವಾಲ್ ಅಂತ ಸುತ್ತಿದೆ. ಅಪ್ಪಯ್ಯನಿಗೆ ಫೋನ್ ಮಾಡಿ ಮೂರು ಸಲ ಪೈ ಆಫ್ ಮಾಡಿಸಿ ಆನ್ ಮಾಡಿಸಿದೆ.

ಸುಳಿವು ಸಿಕ್ಕಿದ್ದು ನಾಲ್ಕನೇ ದಿನ. ಎಸ್‌ಎಸ್‌ಎಚ್ ಶುರುವಿನಲ್ಲಿ ಕಳಿಸುವ ಗೂಢಲಿಪಿ ಅಲ್ಗಾರಿದಂ ಪಟ್ಟಿಯನ್ನು ಕತ್ತರಿಸಿ, ಕೀ ವಿನಿಮಯಕ್ಕೆ ಕರ್ವ್25519 ಒಂದೇ ಸಾಕು, ಒಂದೇ ಸೈಫರ್ ಸಾಕು ಅಂತ ಕೊಟ್ಟೆ. ತಕ್ಷಣ ಲಾಗಿನ್ ಆಯಿತು! ದಿನಾಂಕ ಕೇಳಿದೆ, ಹೇಳಿತು. ಕರ್ನಲ್ ಲಾಗ್ ಕೇಳಿದೆ, ಪರದೆ ಕಲ್ಲಾಯಿತು. ಅಂದರೆ ಚಿಕ್ಕ ಪ್ಯಾಕೆಟ್ ದಾಟುತ್ತಿದೆ, ದೊಡ್ಡದು ದಾರಿಯಲ್ಲೇ ಸಾಯುತ್ತಿದೆ. ಮಾಮೂಲಿ ಪಟ್ಟಿ ಸುಮಾರು ಒಂದೂವರೆ ಸಾವಿರ ಬೈಟ್ ಇರುತ್ತೆ. ಕತ್ತರಿಸಿದ್ದಕ್ಕೇ ಅದು ನುಸುಳಿಕೊಂಡು ಹೋಗಿತ್ತು.

ಆಮೇಲೆ ಲೆಕ್ಕಕ್ಕೆ ಕೂತೆ. ವೈರ್‌ಗಾರ್ಡ್ ತನ್ನ ಎಂಟಿಯುವನ್ನು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ತಾನೇ 1420 ಅಂತ ಇಟ್ಟುಕೊಂಡಿತ್ತು. ಹೊರಗಿನ ಹೊದಿಕೆ ಐಪಿವಿ4 ಆದರೆ 60 ಬೈಟ್, ಐಪಿವಿ6 ಆದರೆ 80. ಮೊದಲು 1420ಕ್ಕೆ 60 ಸೇರಿ 1480 ಆಗುತ್ತಿತ್ತು. ಈಗ ಸರಿಯಾಗಿ 1500. ಆದರೆ ಊರಿನ ಸಂಪರ್ಕ ಪಿಪಿಪಿಒಇ (ಪ್ರತಿ ಪ್ಯಾಕೆಟ್‌ಗೂ ಇನ್ನೊಂದು ಹೊದಿಕೆ ಹಾಕುವ ಬಗೆ), ಅದಕ್ಕೇ 8 ಬೈಟ್ ಹೋಗುತ್ತೆ, ಉಳಿಯುವುದು 1492. ಪೈಗೆ ಕಾಣುವುದು ತನ್ನ ಈಥರ್ನೆಟ್‌ನ 1500 ಮಾತ್ರ, ರೌಟರ್ ಆಚೆಯ ಸಂಗತಿ ಅದಕ್ಕೆ ಗೊತ್ತಿಲ್ಲ. ಐಪಿವಿ6ನಲ್ಲಿ ನಡುವಿನ ರೌಟರ್ ಪ್ಯಾಕೆಟ್ ತುಂಡು ಮಾಡುವುದಿಲ್ಲ. ‘ದೊಡ್ಡದಾಯಿತು’ ಅಂತ ವಾಪಸ್ ಹೇಳಬೇಕು. ಎರಡೂ ತುದಿಯಲ್ಲಿ ಓಡಾಡುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಇಟ್ಟು ಕಾದೆ. ಐಸಿಎಂಪಿ ಬಗೆಯ ಆ ಸಂದೇಶ ಒಮ್ಮೆಯೂ ಬರಲಿಲ್ಲ. ಐಸಿಎಂಪಿ ಅಂದರೆ ಬರೀ ಪಿಂಗ್ ಅಂದುಕೊಂಡು ಎಲ್ಲವನ್ನೂ ಮುಚ್ಚುವವರು ದಯವಿಟ್ಟು ಹಾಗೆ ಮಾಡಬೇಡಿ.

ತುಂಡು ಮಾಡಬೇಡ ಅನ್ನುವ ಗುರುತಿನ ಜೊತೆ 1392 ಬೈಟಿನ ಪಿಂಗ್ ಕಳಿಸಿದೆ, ಹೋಗಲಿಲ್ಲ. 1380, ಹೋಯಿತು. ಅದಕ್ಕೆ ಹೆಡರಿನ 28 ಸೇರಿಸಿ: 1408. ಅದಕ್ಕೆ 80 ಸೇರಿಸಿ: 1488, 1492ರ ಒಳಗೇ. ಆ ಕ್ಷಣದ ಖುಷಿ ಹೇಳಲಾರೆ.

ಪೈನಲ್ಲಿ ಎಡಿಟರ್ ತೆರೆದರೆ ಪರದೆ ಮತ್ತೆ ಕಲ್ಲಾಗುತ್ತೆ. ಅದಕ್ಕೆ ‘ಐಪಿ ಲಿಂಕ್’ ಆಜ್ಞೆಯಿಂದಲೇ ಎಂಟಿಯು 1412 (1492ರಲ್ಲಿ 80 ಕಳೆದು) ಮಾಡಿದೆ. ಸುರಂಗ ಕಡಿಯಲಿಲ್ಲ. ಆಮೇಲೆ ‘ಸೆಡ್’ ಆಜ್ಞೆಯ ಒಂದೇ ಸಾಲಿನಲ್ಲಿ ಕಾನ್ಫಿಗ್‌ಗೂ ಸೇರಿಸಿದೆ. ವಿಪಿಎಸ್ ಮತ್ತು ಡೆಸ್ಕ್‌ಟಾಪ್‌ನಲ್ಲೂ ಅದೇ. ಕತ್ತರಿಸಿದ ಪಟ್ಟಿ ತೆಗೆದು ಹಳೆಯ ಸೆಟ್ಟಿಂಗ್‌ಗೆ ಮರಳಿದೆ. ಓಪನ್‌ಎಸ್‌ಎಸ್‌ಎಚ್ 2022ರ 9.0ರಿಂದ ಕ್ವಾಂಟಂ ಕಂಪ್ಯೂಟರ್‌ಗೂ ಜಗ್ಗದ ಕೀ ವಿನಿಮಯವನ್ನೇ ಮೊದಲು ಬಳಸುತ್ತೆ, ಅದನ್ನು ಸುಮ್ನೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಬೆಳಿಗ್ಗೆ ಅಪ್ಪಯ್ಯನಿಗೆ ಹೇಳಿದೆ, ‘8 ಬೈಟ್ ಸಾಲದೇ ಇಷ್ಟೆಲ್ಲ ಆಯ್ತು.’ ಅವರು ತಟ್ಟನೆ ಕೇಳಿದರು, ‘ಹೌದಾ? ಇವತ್ತು ಪೇಟೆಗೆ ಹೋಗ್ತೆ, ರೀಚಾರ್ಜ್ ಮಾಡಿಸ್ಕಂಡು ಬರ್ಲಾ?’

ಲಾಗ್ ತೆರೆದಾಗ ಇನ್ನೊಂದೂ ಕಂಡಿತು: ಸಾಲು ಸಾಲು ಅಂಡರ್‌ವೋಲ್ಟೇಜ್ (ಪೈಗೆ ವೋಲ್ಟೇಜ್ ಸಾಲದು ಅನ್ನುವ) ಎಚ್ಚರಿಕೆ. 3 ಆಂಪ್ ಅಂತ ಅಚ್ಚು ಹಾಕಿ ಮಾರಿದ ಅಡಾಪ್ಟರ್ ಅದು. ಅಂಗಡಿಯವರು ವಾಪಸ್ ತಗೊಳ್ಳಲ್ಲ ಅಂದರು. ಬೇರೆಯದಕ್ಕೆ ಆರ್ಡರ್ ಹಾಕಿದ್ದೇನೆ.

ಅದು ಬಂದ ಮೇಲೆ ಮಳೆಮಾಪಕ. ಅಪ್ಪಯ್ಯ ದಿನಾ ಬೆಳಿಗ್ಗೆ ಮಳೆ ಅಳೆದು ಡೈರಿಯಲ್ಲಿ ಬರೆಯುತ್ತಾರೆ. ನನಗೆ ಗಂಟೆ ಗಂಟೆಯ ಲೆಕ್ಕ ಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆ ಎಷ್ಟು ಹೊತ್ತು ಬಿಡುವು ಕೊಡುತ್ತೆ ಅನ್ನುವುದೇ ಮುಖ್ಯ. ಮಾಪಕದ ಒಳಗೆ ಪುಟ್ಟ ತೊಟ್ಟಿ, ತುಂಬಿದಾಗ ಮಗುಚುತ್ತೆ, ಆಗ ಅಯಸ್ಕಾಂತ ರೀಡ್ ಸ್ವಿಚ್ ದಾಟಿ ಪೈಗೆ ಒಂದು ಪಲ್ಸ್ ಕೊಡುತ್ತೆ. ಜೋರು ಮಳೆಯಲ್ಲಿ ಸ್ವಿಚ್ ಅದುರಿ ಒಂದನ್ನು ಎರಡು ಅಂತ ಎಣಿಸಬಾರದು. ಅದಕ್ಕೆ ಈ ಶನಿವಾರ ಬಾತ್‌ರೂಮಿನ ಶವರ್ ಕೆಳಗೆ ಇಟ್ಟು ಪರೀಕ್ಷೆ.