ಬಿಯರ್ ಬಿಸಿಯಾಯಿತೇ? ಎಷ್ಟನೇ ದಿನ ಅಂತ ನೋಡಿ

ಪುಣೆಯ ಏಪ್ರಿಲ್‌ನಲ್ಲಿ ಬಿಯರ್ ಹುದುಗಲು ಇಟ್ಟರೆ ಗೋಡೆಯ ಥರ್ಮಾಮೀಟರ್ ನಂಬಬೇಡಿ. ಯೀಸ್ಟ್ ಸಕ್ಕರೆ ತಿನ್ನುತ್ತಾ ತಾನೂ ಶಾಖ ಬಿಡುತ್ತದೆ. ಹುದುಗು ಜೋರಾಗಿರುವಾಗ ಬಿಯರ್ ಕೋಣೆಗಿಂತ 3ರಿಂದ 5 ಡಿಗ್ರಿ ಬಿಸಿ. ಕೋಣೆಯಲ್ಲಿ 27 ಇದ್ದರೆ ಒಳಗೆ 31 ಇರಬಹುದು. ಉಷ್ಣತೆ ಅಳೆಯುವ ಸೆನ್ಸರನ್ನು ಫರ್ಮೆಂಟರಿನ (ಬಿಯರ್ ಹುದುಗುವ ಪಾತ್ರೆಯ) ಹೊರಮೈಗೆ ಒತ್ತಿ, ಮೇಲೊಂದು ಥರ್ಮಾಕೋಲ್ ತುಂಡಿಟ್ಟು ಟೇಪ್ ಸುತ್ತಿ. (ಅಬಕಾರಿ ಪರವಾನಗಿಯ ನಿಯಮ ಮೊದಲೇ ತಿಳಿದುಕೊಂಡಿರಿ.)

ಬಿಸಿ ಏರಿದ್ದು ಯಾವಾಗ ಎನ್ನುವುದೇ ಮುಖ್ಯ. ಖಾರವೆನಿಸುವ ಫ್ಯೂಸೆಲ್ ಆಲ್ಕೊಹಾಲ್, ಹಣ್ಣು ಅಥವಾ ದ್ರಾವಕದಂಥ ವಾಸನೆಯ ಎಸ್ಟರ್‌ಗಳು ಹೆಚ್ಚಾಗಿ ಹುಟ್ಟುವುದು ಯೀಸ್ಟ್ ಬೆಳೆಯುವ ಮೊದಲ ಮೂರು ದಿನಗಳಲ್ಲಿ. ಆಗ ಸಾಮಾನ್ಯ ಏಲ್ ಯೀಸ್ಟ್ 30ರ ಆಚೆ ಹೋದರೆ ನೇಲ್‌ಪಾಲಿಶ್ ವಾಸನೆ, ಗಂಟಲಲ್ಲಿ ಉರಿ. ಆಮೇಲೆ ಎಷ್ಟು ತಂಪು ಮಾಡಿದರೂ ಅದು ಹೋಗುವುದಿಲ್ಲ. ಅದೇ ಬಿಯರ್, ಗ್ರಾವಿಟಿ (ಸಕ್ಕರೆ ಕರಗಿದಂತೆ ಇಳಿಯುವ ಸಾಂದ್ರತೆಯ ಅಂಕಿ) 1.050ರಿಂದ 1.018ಕ್ಕೆ ಇಳಿದ ಮೇಲೆ 24ಕ್ಕೆ ಏರಿದರೆ ಒಳ್ಳೆಯದೇ: ಬೆಣ್ಣೆ ವಾಸನೆಯ ಡೈಅಸಿಟೈಲನ್ನು ಯೀಸ್ಟ್ ಬೇಗ ಹೀರಿಕೊಳ್ಳುತ್ತದೆ. ಹಾಗಾಗಿ ವರ್ಟ್ (ಹುದುಗುವ ಮುಂಚಿನ ಸಿಹಿ ಮಾಲ್ಟ್ ರಸ) 18–20ಕ್ಕೆ ಇಳಿಯುವವರೆಗೆ ಯೀಸ್ಟ್ ಹಾಕಲೇಬೇಡಿ, ರಾತ್ರಿಯಿಡೀ ಮುಚ್ಚಿಡಬೇಕಾಗಿ ಬಂದರೂ ಸರಿ. ಪಾತ್ರೆ ಮಾತ್ರ ಚೆನ್ನಾಗಿ ಸ್ಯಾನಿಟೈಸ್ ಆಗಿರಲಿ.

ಮೊದಲ ದಿನವೇ ಏರಿತೆಂದು ಗಾಬರಿಯಾಗಿ, ಫರ್ಮೆಂಟರ್ ಇಟ್ಟ ನೀರಿನ ಟಬ್ಬಿಗೆ ಐಸ್ ಸುರಿಯುವುದು ಇನ್ನೊಂದು ತಪ್ಪು. ಥಟ್ಟನೆ ಚಳಿಯಾದರೆ ಯೀಸ್ಟ್ ತಳಕ್ಕೆ ಕೂತು ಹುದುಗು ನಿಂತೀತು. 20 ಲೀಟರನ್ನು 6 ಡಿಗ್ರಿ ಇಳಿಸಲು ಸುಮಾರು 1.2 ಕಿಲೋ ಐಸ್ ಸಾಕು, ಟಬ್ಬಿನ ನೀರಿಗೆ ಬೇರೆ ಲೆಕ್ಕ. ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಗಳನ್ನು ಟಬ್ಬಿಗೆ ಒಂದೊಂದಾಗಿ ಇಳಿಬಿಡಿ.

ಫರ್ಮೆಂಟರಿಗೆ ಒದ್ದೆ ಬಟ್ಟೆ ಸುತ್ತಿ ಫ್ಯಾನ್ ಹಾಕುವ ಉಪಾಯ ಊರು ನೋಡಿ ಮಾಡಬೇಕು. ಪುಣೆಯ ಒಣ ಬೇಸಿಗೆಯಲ್ಲಿ, 36 ಡಿಗ್ರಿ, ಶೇ. 20 ತೇವಾಂಶ ಇದ್ದರೆ, ಒದ್ದೆ ಬಟ್ಟೆ 20ರ ಹತ್ತಿರಕ್ಕೆ ತಣಿಯಬಲ್ಲದು. ಮುಂಬೈನ ಮೇ ತಿಂಗಳಲ್ಲಿ 33 ಡಿಗ್ರಿ, ಶೇ. 70 ಇದ್ದರೆ 28ಕ್ಕಿಂತ ಕೆಳಗೆ ಇಳಿಯದು. ಗೋವಾದ ಕರಾವಳಿಯೂ ಹಾಗೆಯೇ. ಅಲ್ಲಿ ಹಳೇ ಫ್ರಿಜ್ಜಿಗೆ ಉಷ್ಣತೆ ನಿಯಂತ್ರಿಸುವ ಕಂಟ್ರೋಲರ್ ಜೋಡಿಸಿ, ಇಲ್ಲವೇ 35–40ರಲ್ಲೂ ಹದವಾಗಿ ಹುದುಗುವ, ನಾರ್ವೆಯ ಸಾಂಪ್ರದಾಯಿಕ ಕ್ವೈಕ್ ವೋಸ್ ಯೀಸ್ಟ್ ಹಾಕಿ. ಸೆಕೆಯ ಜತೆ ಗುದ್ದಾಡುವುದಕ್ಕಿಂತ ನನಗೆ ಈ ದಾರಿಯೇ ಮೆಚ್ಚು.

ಡಿಸೆಂಬರ್‌ನ ಪುಣೆಯಲ್ಲಿ ತೊಂದರೆ ಉಲ್ಟಾ. ರಾತ್ರಿ ಚಳಿಗೆ ಗ್ರಾವಿಟಿ 1.022ರಲ್ಲೇ ನಿಂತರೆ 21ಕ್ಕೆ ಬೆಚ್ಚಗೆ ಮಾಡಿ, ಫರ್ಮೆಂಟರನ್ನು ಮೆಲ್ಲಗೆ ತಿರುಗಿಸಿ ತಳದ ಯೀಸ್ಟ್ ಎಬ್ಬಿಸಿ. ಏರ್‌ಲಾಕ್‌ನಲ್ಲಿ (ಗ್ಯಾಸ್ ಹೊರಬಿಡುವ ಮುಚ್ಚಳದ ಕೊಳವೆ) ಗುಳ್ಳೆ ನಿಂತಿತೆಂದು ಬಾಟಲಿಗೆ ತುಂಬಿದರೆ ಉಳಿದ ಸಕ್ಕರೆ ಅಲ್ಲಿ ಹುದುಗಿ ಗಾಜು ಸಿಡಿಯಬಹುದು. ಗ್ರಾವಿಟಿ ಇರಬೇಕಾದಷ್ಟು ಇಳಿದು, ಅದನ್ನು ಅಳೆಯುವ ಹೈಡ್ರೋಮೀಟರ್ ಮೂರು ದಿನ ಅದೇ ಅಂಕಿ ತೋರಿಸಿದ ಮೇಲಷ್ಟೇ ಬಾಟಲಿಗೆ ತುಂಬಿ.