ಧಾರವಾಡದಲ್ಲಿ ಕಕ್ಕಡ ತಿಂಗಳು

ಆಗಸ್ಟ್ 3ರಂದು, ಎಂದರೆ ಕೊಡವರ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಕೊಡಗಿನ ಮನೆಗಳ ಒಲೆಯ ಮೇಲೆ ನೇರಳೆ ಬಣ್ಣದ ಪಾಯಸ ಕುದಿಯುತ್ತಿರುತ್ತದೆ. ಬೇಲಿಯ ಬದಿಯಲ್ಲೂ ತೋಟದ ಅಂಚಿನಲ್ಲೂ ಬೆಳೆಯುವ ಮದ್ದುಸೊಪ್ಪಿಗೆ ಆ ದಿನ ಹದಿನೆಂಟು ಬಗೆಯ ಔಷಧ ಗುಣಗಳು ಕೂಡಿ ಬರುತ್ತವೆ ಎಂಬುದು ನಮ್ಮ ಹಿರಿಯರ ನಂಬಿಕೆ. ಸೊಪ್ಪನ್ನು ದಂಟಿನ ಸಮೇತ ಕುದಿಸಿ ಸೋಸಿದರೆ ನೀರು ಕಡುನೇರಳೆಯಾಗುತ್ತದೆ; ಹೂವಿನದೂ ಅಲ್ಲದ, ಹಣ್ಣಿನದೂ ಅಲ್ಲದ ಒಂದು ಪರಿಮಳ ಮನೆಯನ್ನೆಲ್ಲ ತುಂಬುತ್ತದೆ. ಆ ನೀರಿನಲ್ಲಿಯೇ ಅಕ್ಕಿ ಬೇಯಿಸಿ ಬೆಲ್ಲ, ಕಾಯಿ ಸೇರಿಸಿ ಪಾಯಸ ಮಾಡುತ್ತಾರೆ, ಇಲ್ಲವೇ ಪುಟ್ಟು ಮಾಡಿ ತುಪ್ಪ ಮತ್ತು ಜೇನಿನೊಂದಿಗೆ ಬಡಿಸುತ್ತಾರೆ. ಮರುದಿನ ಮೂತ್ರ ಕೆಂಪಗೆ ಹೋದರೆ ಮದ್ದು ಮೈಗೆ ಹತ್ತಿತು ಎಂದು ಮನೆಯವರಿಗೆ ಸಮಾಧಾನ.

ಉದ್ಯೋಗದ ನಿಮಿತ್ತ ಧಾರವಾಡಕ್ಕೆ ಬಂದು ನೆಲೆಸಿದ ಮೇಲೆ ನನ್ನನ್ನು ಹೆಚ್ಚು ಕಾಡುವುದು ಇದೇ ತಿಂಗಳು. ಇಲ್ಲಿಯ ಜನರ ಅಂತಃಕರಣಕ್ಕೆ ಕೊರತೆಯಿಲ್ಲ. ನಾಗರ ಪಂಚಮಿ ಬಂತೆಂದರೆ ಪಕ್ಕದ ಮನೆಯ ಅಕ್ಕಾವರು ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟುಗಳನ್ನು ಡಬ್ಬಿಯಲ್ಲಿ ತುಂಬಿ ತಂದುಕೊಟ್ಟು, "ನಿಮ್ಮ ಕಡೆ ಈಗೇನ್ ಮಾಡ್ತೀರ್ರಿ?" ಎಂದು ಅಕ್ಕರೆಯಿಂದ ವಿಚಾರಿಸುತ್ತಾರೆ. ಮದ್ದುಸೊಪ್ಪಿನ ಬಣ್ಣವನ್ನಾಗಲಿ, ಪರಿಮಳವನ್ನಾಗಲಿ ಬಾಯಿಮಾತಿನಲ್ಲಿ ಹೇಳಿ ತಿಳಿಸಲಾರದೆ, ಒಮ್ಮೆ ನಮ್ಮೂರಿಗೆ ಬನ್ನಿ ಎಂದಷ್ಟೇ ಹೇಳುತ್ತೇನೆ.

ಕೊಡಗಿನ ಊಟವೆಂದರೆ ಈಗ ಎಲ್ಲರಿಗೂ ಹಂದಿಮಾಂಸದ ಪಂದಿ ಕರಿ ಮತ್ತು ಅಕ್ಕಿತರಿಯ ಉಂಡೆಯಾದ ಕಡಂಬುಟ್ಟು ನೆನಪಾಗುತ್ತವೆ. ಬೆಂಗಳೂರಿನ ಹೋಟೆಲುಗಳಲ್ಲಿ ಅವು ವರ್ಷವಿಡೀ ದೊರೆಯುತ್ತವೆ, ಕೆಲವೆಡೆ ಚೆನ್ನಾಗಿಯೂ ಇರುತ್ತವೆ. ಆದರೂ ಅವುಗಳನ್ನು ತಿಂದು ಬಂದ ದಿನ ಊರಿನ ನೆನಪು ಇನ್ನಷ್ಟು ಬಲವಾಗುತ್ತದೆಯೇ ಹೊರತು ತಣಿಯುವುದಿಲ್ಲ. ನನಗೆ ಬೇಕಾಗಿರುವುದು ಆ ತಿನಿಸಿನ ಹಿಂದಿರುವ ಋತು ಎಂಬುದು ನನಗೆ ನಿಧಾನವಾಗಿ ಮನದಟ್ಟಾಗಿದೆ. ಮಳೆ ಹಿಡಿದ ಮೇಲೆ ಗದ್ದೆಯ ಏಡಿ, ಗುಡುಗು ಬಂದು ಹೋದ ಮೇಲೆ ಏಳುವ ಅಣಬೆ, ನೀರು ಬದಲಾಯಿಸುತ್ತ ಕಹಿ ಬಿಡಿಸಿದ ಕಣಿಲೆಯ ಬೈಂಬಳೆ ಕರಿ, ಕೆಸವಿನ ಎಲೆಯ ಕೆಂಬು ಕರಿ, ಇವೆಲ್ಲ ಮಳೆ ತಂದುಕೊಡುವ ಊಟ. ತೇದಿ ನೋಡಿಕೊಂಡು ಬೇಯಿಸುವ ಅಡುಗೆಯಲ್ಲಿ ಬೆಳೆದ ನಾಲಿಗೆಗೆ ಎಲ್ಲ ದಿನವೂ ಎಲ್ಲವೂ ಸಿಗುವುದು ಸುಖವೆನ್ನಿಸುವುದಿಲ್ಲ.

ಕಾಚಂಪುಳಿಯ ಮಾತನ್ನು ಮಾತ್ರ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಲೆನಾಡಿನವರು ಉಪ್ಪಾಗೆ ಎನ್ನುವ ಮರದ ಹಣ್ಣುಗಳು ಮಳೆಗಾಲದಲ್ಲಿ ಮಾಗಿ ಉದುರುತ್ತವೆ. ಅವ್ವ ಅವನ್ನು ಆಯ್ದು ತಂದು ಬುಟ್ಟಿಯಲ್ಲಿ ಹಾಕಿ, ಕೆಳಗೊಂದು ಪಾತ್ರೆ ಇಡುತ್ತಾರೆ. ಹಣ್ಣು ತಾನಾಗಿ ಮೆತ್ತಗಾಗಿ ರಸ ತೊಟ್ಟಿಕ್ಕತೊಡಗುತ್ತದೆ. ಆ ತೆಳುವಾದ ರಸವನ್ನು ಸೌದೆ ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸಿದರೆ, ಪಾತ್ರೆ ತುಂಬ ಇದ್ದದ್ದು ಬತ್ತಿ ತಳಕ್ಕಿಳಿದು, ಕಪ್ಪಗೆ, ಮಂದವಾಗಿ, ಹನಿ ಬೀಳಲೂ ತಡಮಾಡುವಷ್ಟು ಗಟ್ಟಿಯಾಗುತ್ತದೆ. ಪಂದಿ ಕರಿಗೆ ಇಳಿಸುವ ಹೊತ್ತಿಗೆ ಇದನ್ನು ಒಂದೆರಡು ಚಮಚ ಹಾಕಿದರೆ ಸಾಕು. ಹುರಿದು ಪುಡಿ ಮಾಡಿದ ಮಸಾಲೆಯೊಂದಿಗೆ ಸೇರಿ ಕರಿಗೆ ಆ ಕಪ್ಪು ಬಣ್ಣವೂ ಕಡುಹುಳಿಯೂ ಬರುತ್ತವೆ. ಹುಣಸೆಹಣ್ಣಿನಿಂದಲೋ ನಿಂಬೆರಸದಿಂದಲೋ ಈ ರುಚಿ ಬರುತ್ತದೆ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ವರ್ಷಗಟ್ಟಲೆ ಕೆಡದ ಕಾಚಂಪುಳಿ ಬಸ್ಸಿನಲ್ಲಿ ಧಾರವಾಡದವರೆಗೂ ಬರುತ್ತದೆ. ಕೊಯ್ದ ದಿನವೇ ಬಾಡುವ ಮದ್ದುಸೊಪ್ಪಿಗೆ ಆ ಭಾಗ್ಯವಿಲ್ಲ.

ಊಟದಷ್ಟೇ ಊರಿನ ರೀತಿಗಳೂ ನೆನಪಾಗುತ್ತವೆ. ನಮ್ಮಲ್ಲಿ ದೂರವಾಣಿಯ ಮಾತು ಆರಂಭವಾಗುವುದೇ ಮಳೆಯಿಂದ. ಬೆಳೆಗಾರರ ಮನೆಗಳಲ್ಲಿ ಮಳೆಮಾಪಕ ಇರುವುದು ಸಾಮಾನ್ಯ. ಬೆಳಗಾಗುತ್ತಲೇ ಅಪ್ಪ ಅದನ್ನು ನೋಡಿ ಪುಸ್ತಕದಲ್ಲಿ ಬರೆದಿಡುತ್ತಾರೆ. ದೇಶವೆಲ್ಲ ಮಿಲಿಮೀಟರಿಗೆ ಬದಲಾಗಿದ್ದರೂ ನಮ್ಮವರು ಇಂದಿಗೂ ಇಂಚು ಮತ್ತು ಅದರ ನೂರನೆಯ ಒಂದು ಭಾಗವಾದ ಸೆಂಟುಗಳಲ್ಲಿಯೇ ಲೆಕ್ಕ ಹೇಳುತ್ತಾರೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕಾಫಿ ಹೂವಿಗೆ ಬೇಕಾದ ಮಳೆ ಪಕ್ಕದ ಊರಿಗೆ ಬಿದ್ದು ನಮ್ಮ ಊರಿಗೆ ಬೀಳದಿದ್ದರೆ ಆ ಸಂಕಟ ಧ್ವನಿಯಲ್ಲಿಯೇ ತಿಳಿಯುತ್ತದೆ. ಇಲ್ಲಿಯ ಜಿಟಿಜಿಟಿ ಮಳೆಯ ಬಗ್ಗೆ ಅಪ್ಪ ಕೇಳಿದಾಗ ಹೇಳಲು ನನ್ನ ಬಳಿ ಅಂಕಿಯೇ ಇರುವುದಿಲ್ಲ.

ಅಪರಿಚಿತರು ಎದುರಾದರೆ ಹೆಸರಿಗಿಂತ ಮೊದಲು ಯಾವ ಮನೆಯವರು ಎಂದು ಕೇಳುವುದು ಇನ್ನೊಂದು ರೂಢಿ. ಕೊಡವರಲ್ಲಿ ಒಕ್ಕದ, ಎಂದರೆ ಮನೆತನದ, ಹೆಸರು ಮುಂದೆ, ಸ್ವಂತ ಹೆಸರು ಕೊನೆಗೆ. ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪನವರ ಹೆಸರಿನ ಮೊದಲಕ್ಷರ ಕೋಡಂದೇರ ಎಂಬ ಒಕ್ಕವನ್ನು ಸೂಚಿಸುತ್ತದೆ. ಒಕ್ಕ ತಿಳಿದರೆ ಸಾಕು, ಎರಡೇ ನಿಮಿಷದಲ್ಲಿ ಒಂದು ನೆಂಟಸ್ತಿಕೆ ಹೊರಬೀಳುತ್ತದೆ. 1997ರಲ್ಲಿ ಕರಡದಲ್ಲಿ ಆರಂಭವಾದ ಕೌಟುಂಬಿಕ ಹಾಕಿ ಪಂದ್ಯಾವಳಿಯಲ್ಲಿಯೂ ತಂಡಗಳು ಆಡುವುದು ಒಕ್ಕದ ಹೆಸರಿನಲ್ಲಿಯೇ. ಅಜ್ಜ ಮತ್ತು ಮೊಮ್ಮಗ ಒಂದೇ ತಂಡದಲ್ಲಿ ಓಡುವುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಧಾರವಾಡದಲ್ಲಿ ನನ್ನ ಹೆಸರನ್ನು ಎಲ್ಲರೂ ಪ್ರೀತಿಯಿಂದಲೇ ಕರೆಯುತ್ತಾರೆ, ಆದರೆ ಒಕ್ಕವನ್ನು ಯಾರೂ ಕೇಳುವುದಿಲ್ಲ.

ಇನ್ನು ಕಾಫಿ. ಇದು ಚಹಾದ ನಾಡು. ಹಾಲಿಲ್ಲದ ಬೆಲ್ಲದ ಕಾಫಿಯನ್ನು ನಾನು ಮನೆಯಲ್ಲಿಯೇ ಮಾಡಿಕೊಳ್ಳುತ್ತೇನೆ.

ಈ ವರ್ಷ ಹುತ್ತರಿಗೆ ಊರಿಗೆ ಹೋಗಲೇಬೇಕೆಂದು ನಿಶ್ಚಯಿಸಿದ್ದೇನೆ. ನವೆಂಬರ್ ಅಥವಾ ಡಿಸೆಂಬರಿನಲ್ಲಿ ಬರುವ ಆ ಹಬ್ಬದ ರಾತ್ರಿ ಗದ್ದೆಗಿಳಿದು, ಗುಂಡು ಹಾರಿಸಿ, "ಪೊಲಿ ಪೊಲಿ ದೇವಾ" ಎಂದು ಕೂಗುತ್ತ ಹೊಸ ಕದಿರು ಕೊಯ್ದು ತಂದು, ಬಾಳೆಹಣ್ಣಿನಲ್ಲಿ ಕಲಸಿದ ತಂಬಿಟ್ಟು ಮತ್ತು ಹುತ್ತರಿ ಗೆಣಸನ್ನು ಮನೆಮಂದಿಯೆಲ್ಲ ಕೂಡಿ ತಿನ್ನುತ್ತೇವೆ. ಕದಿರು ತೆಗೆಯುವ ದಿನ ಮತ್ತು ಮುಹೂರ್ತ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಗದಿಯಾಗಬೇಕಾದ್ದರಿಂದ ಕಚೇರಿಯಲ್ಲಿ ಈಗಲೇ ರಜೆ ಬರೆದುಕೊಡಲು ಬರುವುದಿಲ್ಲ. ಮೇಲಧಿಕಾರಿಗಳಿಗೆ ವಿಷಯವನ್ನು ಬಾಯಿಮಾತಿನಲ್ಲಿ ತಿಳಿಸಿದ್ದೇನೆ, ಅವರು ಒಪ್ಪಿದ್ದಾರೆ. ಗೆಣಸಿನ ಬಳ್ಳಿ ಈ ಸಲ ಚೆನ್ನಾಗಿ ಹಬ್ಬಿದೆಯಂತೆ. ನಾನು ಬರುವವರೆಗೆ ಅಗೆಯಬೇಡಿ ಎಂದು ಅವ್ವನಿಗೆ ಹೇಳಿಟ್ಟಿದ್ದೇನೆ.