ಗಿಡ್ಡ ಕಿಟಕಿಗೆ ಬ್ಲ್ಯಾಕೌಟ್ ಕರ್ಟನ್: ಬಟ್ಟೆ ಆರಿಸೋ ಮುಂಚೆ ಸಂದಿ ನೋಡಿ

ಬೆಂಗಳೂರಿನ ಒಂದು ಫರ್ನಿಶಿಂಗ್ ಅಂಗಡಿಯಲ್ಲಿ ನನ್ನ ಕೆಲಸ ಮನೆ ಮನೆಗೆ ಹೋಗಿ ಕರ್ಟನ್ ಅಳತೆ ತರೋದು, ಹೊಲಿದು ಬಂದಮೇಲೆ ನಿಂತು ಹಾಕಿಸಿ ಕೊಡೋದು. ಬ್ಲ್ಯಾಕೌಟ್, ಅಂದ್ರೆ ಬೆಳಕು ಒಳಗೆ ಬಿಡದ ಕರ್ಟನ್, ಕೇಳಿಕೊಂಡು ಬರೋರಲ್ಲಿ ಹೆಚ್ಚಿನವರು ಹಗಲಲ್ಲಿ ಮಲಗಬೇಕಾದವರು. ಅಮೆರಿಕದ ಟೈಮಿಗೆ ಕೂತು ಕೆಲಸ ಮಾಡೋ ಹುಡುಗರು, ನೈಟ್ ಡ್ಯೂಟಿ ಮುಗಿಸಿ ಬರೋ ನರ್ಸ್‌ಗಳು, ಮಗು ಮಧ್ಯಾಹ್ನ ಒಂದು ತಾಸು ಮಲಗಿದ್ರೆ ಸಾಕಪ್ಪಾ ಅನ್ನೋ ತಾಯಂದಿರು. ಇವರ ಕೋಣೆಯ ಕಿಟಕಿ ಗಿಡ್ಡ ಅಂತ ಗೊತ್ತಾದ್ರೆ ನಾನು ಬಟ್ಟೆ ಕ್ಯಾಟಲಾಗ್ ತೆರೆಯೋದೇ ಇಲ್ಲ, ಮೊದಲು ಟೇಪು ತೆಗೀತೀನಿ.

ನಮ್ಮ ಕಡೆ ಮಾಮೂಲಿ ಕಿಟಕಿ ನೆಲದಿಂದ ಮೂರಡಿ ಮೇಲೆ ಶುರುವಾಗಿ ಏಳಡಿಗೆ, ಲಿಂಟಲ್ ಮಟ್ಟಕ್ಕೆ ನಿಲ್ಲುತ್ತೆ. ಗಿಡ್ಡ ಕಿಟಕಿ ಅಂದ್ರೆ ಮಂಚದ ತಲೆದೆಸೆ ಮೇಲೆ ಬಿಟ್ಟ, ಎರಡಡಿಯೋ ಒಂದೂವರೆ ಅಡಿಯೋ ಎತ್ತರದ ಅಡ್ಡ ಕಿಟಕಿ. 30x40 ಸೈಟಿನ ಮನೆಗಳಲ್ಲಿ ಇದು ಸಾಮಾನ್ಯ. ಪಕ್ಕದ ಮನೆ ಗೋಡೆ ಕೈಗೆ ಸಿಗೋಷ್ಟು ಹತ್ತಿರ, ಅವರ ಅಡುಗೆಮನೆಯಿಂದ ನಮ್ಮ ಮಂಚ ಕಾಣಬಾರದು, ಹಾಗಾಗಿ ಕಿಟಕಿಯನ್ನ ಮೇಲಕ್ಕೆತ್ತಿ ಗಿಡ್ಡ ಮಾಡಿರ್ತಾರೆ.

ಒಂದು ಸಣ್ಣ ಲೆಕ್ಕ ಹಾಕೋಣ. ನಾಲ್ಕಡಿಗೆ ನಾಲ್ಕಡಿ ಕಿಟಕಿಗೆ ವಿಸ್ತೀರ್ಣ 16 ಚದರಡಿ, ಸುತ್ತಳತೆ 16 ಅಡಿ. ಅದೇ ನಾಲ್ಕಡಿ ಅಗಲ, ಒಂದೂವರೆ ಅಡಿ ಎತ್ತರದ ಕಿಟಕಿಗೆ ವಿಸ್ತೀರ್ಣ 6 ಚದರಡಿ, ಸುತ್ತಳತೆ 11 ಅಡಿ. ಗಾಜು ಅರ್ಧಕ್ಕಿಂತ ಕಮ್ಮಿಯಾಯ್ತು, ಸುತ್ತ ಬರೋ ಸಂದಿ ಮಾತ್ರ ಮೂರನೇ ಒಂದು ಪಾಲೂ ಕಮ್ಮಿಯಾಗಲಿಲ್ಲ. ಒಳ್ಳೆ ಬ್ಲ್ಯಾಕೌಟ್ ಬಟ್ಟೆ ಹಾಕಿದಮೇಲೆ ಬೆಳಕು ನುಗ್ಗೋದು ಸಂದಿಯಿಂದಲೇ. ಹಾಗಿರುವಾಗ "ಚಿಕ್ಕ ಕಿಟಕಿ ತಾನೇ, ಏನೋ ಒಂದು ಹಾಕಿಬಿಡಿ" ಅಂತ ಜನ ಹೇಳೋದು ಉಲ್ಟಾ ಲೆಕ್ಕ. ದೊಡ್ಡ ಕಿಟಕಿಯಲ್ಲಿ ನಡೆದುಹೋಗೋ ಅರ್ಧ ಇಂಚಿನ ಸಂದಿ ಇಲ್ಲಿ ಕಣ್ಣಿಗೆ ಚುಚ್ಚುತ್ತೆ, ಅದೂ ದಿಂಬಿನ ನೆತ್ತಿ ಮೇಲೇ.

ಬಟ್ಟೆ ವಿಷಯ ಬೇಗ ಮುಗಿಸಿಬಿಡ್ತೀನಿ. ಮಾರ್ಕೆಟ್ಟಿನಲ್ಲಿ ಬ್ಲ್ಯಾಕೌಟ್ ಅನ್ನೋ ಹೆಸರಲ್ಲಿ ಮುಖ್ಯವಾಗಿ ಎರಡು ಜಾತಿ ಸಿಗುತ್ತೆ. ಒಂದು ನೇಯ್ಗೆಯದ್ದು: ಪಾಲಿಯೆಸ್ಟರ್ ಬಟ್ಟೆಯ ನಡುವೆ ಕಪ್ಪು ನೂಲು ಸೇರಿಸಿ ನೇಯ್ದಿರ್ತಾರೆ, ಮುಟ್ಟೋಕೆ ಮೆತ್ತಗೆ, ಚೆನ್ನಾಗಿ ಇಳಿಬೀಳುತ್ತೆ. ಇನ್ನೊಂದು ಕೋಟಿಂಗ್‌ದು: ಬಟ್ಟೆಯ ಹಿಂಬದಿಗೆ ಬಿಳಿ, ಕಪ್ಪು, ಮತ್ತೆ ಬಿಳಿ ಅಂತ ಮೂರು ಪದರ ಬಳಿದಿರ್ತಾರೆ. ಅದಕ್ಕೇ ಅಂಗಡಿಯವರು ತ್ರೀ ಪಾಸ್ ಅನ್ನೋದು. ಪರೀಕ್ಷೆ ಸುಲಭ. ಮೊಬೈಲ್ ಟಾರ್ಚ್ ಹಚ್ಚಿ ಬಟ್ಟೆಯ ಹಿಂದೆ ಒತ್ತಿ ಹಿಡಿದು ಈ ಕಡೆಯಿಂದ ನೋಡಿ. ಕೋಟಿಂಗ್ ಬಟ್ಟೆಯಲ್ಲಿ ಏನೂ ಕಾಣಲ್ಲ. ನೇಯ್ಗೆ ಬಟ್ಟೆಯಲ್ಲಿ ಮಬ್ಬಾಗಿ ಬೆಳಕಿನ ಉಂಡೆ ಕಾಣುತ್ತೆ, ಕೆನೆಬಣ್ಣದ್ದಾದ್ರೆ ಇನ್ನೂ ಜಾಸ್ತಿ, ಕಡುನೀಲಿ ಅಥವಾ ಕಾಫಿ ಬಣ್ಣದ್ದಾದ್ರೆ ಕಮ್ಮಿ. ಮನೆಯವರಿಗೆ ತಿಳಿ ಬಣ್ಣವೇ ಬೇಕು ಅಂದ್ರೆ ಕೋಟಿಂಗ್ ತಗೊಳ್ಳಿ ಅಂತೀನಿ. ಟಾರ್ಚಿಗೆ ಎರಡೂ ಸುಮಾರಾಗಿ ಪಾಸಾದ್ರೆ ಇನ್ನೂ ದಪ್ಪದ ಬಟ್ಟೆ ಹುಡುಕಿಕೊಂಡು ಚಿಕ್ಕಪೇಟೆ ಎಲ್ಲಾ ಸುತ್ತೋ ಅಗತ್ಯ ಇಲ್ಲ. ಲೇಬಲ್ ಮೇಲಿನ "100%" ಅನ್ನೋ ಮಾತು ಬಟ್ಟೆಯ ಬಗ್ಗೆ, ನಿಮ್ಮ ಕೋಣೆಯ ಬಗ್ಗೆ ಅಲ್ಲ.

ರೆಡಿಮೇಡ್ ಕರ್ಟನ್‌ಗಳ ಉದ್ದ ಸಾಮಾನ್ಯವಾಗಿ ಐದಡಿ, ಏಳಡಿ, ಒಂಬತ್ತಡಿ. ಕಿಟಕಿಗೆ ಐದು, ಬಾಗಿಲಿಗೆ ಏಳು. ಎರಡಡಿ ಕಿಟಕಿಗೆ ಅಂತ ಯಾರೂ ಮಾಡಿ ಇಟ್ಟಿರಲ್ಲ. ಕಿಟಕಿ ಕೆಳಗೆ ಗೋಡೆ ಖಾಲಿ ಇದ್ರೆ ಐದಡಿಯದ್ದನ್ನೇ ಇಳಿಬಿಡಿ, ಒಳ್ಳೇದೇ. ಉದ್ದ ಹೆಚ್ಚಾದಷ್ಟೂ ಬಟ್ಟೆಯ ಭಾರಕ್ಕೆ ಅದು ಗೋಡೆಗೆ ಒತ್ತಿಕೊಂಡು ನಿಲ್ಲುತ್ತೆ, ಕೆಳಗಿನ ಬೆಳಕು ಕಟ್ಟಾಗುತ್ತೆ. ಮಂಚ ಅಡ್ಡ ಇದ್ರೆ ಮಾತ್ರ ಆ ಉದ್ದ ಹೆಡ್‌ಬೋರ್ಡಿನ ಹಿಂದೆ ಸಿಕ್ಕಿಹಾಕಿಕೊಂಡು ಧೂಳು ಹಿಡಿಯುತ್ತೆ, ಎಳೆದಾಗ ರಾಡೇ ಅಲ್ಲಾಡುತ್ತೆ.

ಇತ್ತೀಚೆಗೆ ಅಳತೆಗೆ ಹೋಗಿದ್ದ ಒಂದು ಬಾಡಿಗೆ ಮನೆ ಹೇಳ್ತೀನಿ. ಆಕೆ ನರ್ಸ್, ಬೆಳಗ್ಗೆ ಡ್ಯೂಟಿ ಬಿಟ್ಟು ಬಂದು ಮಲಗೋರು. ಕಿಟಕಿ ನಾಲ್ಕಡಿ ಅಗಲ, ಎರಡಡಿ ಎತ್ತರ, ಕೆಳಗೆ ಮಂಚ, ಮೇಲೆ ಐದೇ ಇಂಚು ಬಿಟ್ಟು ಸ್ಪ್ಲಿಟ್ ಎ.ಸಿ. ಆನ್‌ಲೈನಲ್ಲಿ ತರಿಸಿದ್ದ ಐಲೆಟ್ ಕರ್ಟನ್ (ಮೇಲಂಚಿನ ಬಳೆಗಳಲ್ಲಿ ರಾಡ್ ತೂರಿಸೋದು) ಎರಡು ಪಾರ್ಟು, ಚೌಕಟ್ಟಿನ ಒಳಗೇ ಸ್ಪ್ರಿಂಗ್ ರಾಡಿಗೆ ತೂಗುಹಾಕಿದ್ರು.

"ಅಣ್ಣಾ, ಇದು ಡುಪ್ಲಿಕೇಟ್ ಬಟ್ಟೆ ಅನ್ಸುತ್ತೆ. ಮಧ್ಯಾಹ್ನ ರೂಮೆಲ್ಲಾ ಬೆಳಕು. ಇದಕ್ಕಿಂತ ದಪ್ಪದ್ದು ತೋರ್ಸಿ."

"ತೋರಿಸ್ತೀನಿ ಮೇಡಂ. ಒಂದು ಐದು ನಿಮಿಷ ಬಾಗಿಲು ಹಾಕ್ಕೊಂಡು ಲೈಟ್ ಆರಿಸಿ ಕೂರೋಣ್ವಾ? ಅಮ್ಮನ್ನೂ ಕರೀರಿ."

ಅವರಮ್ಮ ಬಂದು ಮಂಚದ ತುದೀಲಿ ಕೂತ್ರು. ಕಣ್ಣು ಹೊಂದಿಕೊಳ್ತಿದ್ದ ಹಾಗೆ ಎಲ್ಲಾ ಒಂದೊಂದೇ ಕಾಣಿಸ್ತು. ಬಟ್ಟೆ ಪೂರಾ ಕಪ್ಪಗಿತ್ತು, ಅದರ ತಪ್ಪೇನೂ ಇರಲಿಲ್ಲ. ಐಲೆಟ್ ಕರ್ಟನ್ ಅಲೆಅಲೆಯಾಗಿ ನಿಲ್ಲೋದ್ರಿಂದ ರಾಡಿನ ಮೇಲೆ, ಬಳೆಗಳ ನಡುವಿನಿಂದ ಬೆಳಕು ಹೊರಟು ಸೀಲಿಂಗ್ ಮೇಲೆ ಬಾಚಣಿಗೆ ಹಲ್ಲಿನ ಹಾಗೆ ಬಿದ್ದಿತ್ತು. ಎರಡು ಪಾರ್ಟು ಸೇರೋ ಕಡೆ ಉದ್ದಕ್ಕೆ ಒಂದು ಗೆರೆ. ಎರಡೂ ಪಕ್ಕ ಚೌಕಟ್ಟಿನ ಬಿಳಿ ಬಣ್ಣಕ್ಕೆ ಬೆಳಕು ತಾಗಿ ಒಳಕ್ಕೆ ಚೆಲ್ತಾ ಇತ್ತು. ಕೆಳಗೆ ಗ್ರಾನೈಟ್ ಪಟ್ಟಿ ಪಾಲಿಶ್ ಮಾಡಿದ್ದು, ಅದೂ ಕನ್ನಡಿ ಕೆಲಸ ಮಾಡ್ತಿತ್ತು. ಅಮ್ಮನೇ ಕೈತೋರಿಸಿ "ಇಲ್ಲೊಂದು, ಅಲ್ಲೊಂದು" ಅಂತ ಎಣಿಸೋಕೆ ಶುರುಮಾಡಿದ್ರು.

ಇಂಥಾ ಕಡೆ ಮಾಡಬೇಕಾದ್ದು ಪರದೆಯನ್ನ ಚೌಕಟ್ಟಿನಿಂದ ಹೊರಕ್ಕೆ ತಂದು ಗೋಡೆಗೆ ಹಾಕೋದು. ಮೇಲೆ ಎಂಟಿಂಚು, ಪಕ್ಕಕ್ಕೆ ಹತ್ತು ಹತ್ತು ಇಂಚು, ಕೆಳಗೆ ಎಂಟಿಂಚು ಗೋಡೆ ಮೇಲೆ ಹೊದ್ದುಕೊಂಡ್ರೆ ಬೆಳಕು ಅಷ್ಟು ಸುತ್ತಿ ಬರೋ ಹೊತ್ತಿಗೆ ಸೋತಿರುತ್ತೆ. ಮೇಲೆ ಎಂಟಿಂಚು ಬಿಡೋದು ಡ್ರಿಲ್ ಹೊಡೆಯೋಕೂ ಒಳ್ಳೇದು. ಕಿಟಕಿಯ ನೇರ ಮೇಲಿರೋದು ಲಿಂಟಲ್ ಕಾಂಕ್ರೀಟ್, ಹ್ಯಾಮರ್ ಡ್ರಿಲ್ ಕೂಡ ಕಿರುಚುತ್ತೆ. ಚೌಕಟ್ಟಿಗೆ ಅಂಟಿಕೊಂಡೇ ಹೊಡೆದ್ರೆ ಗಾರೆ ಉದುರಿ ಪ್ಲಗ್ ನಿಲ್ಲಲ್ಲ. ಆ ಮನೆಯಲ್ಲಿ ಎ.ಸಿ. ಇದ್ದದ್ದರಿಂದ ಮೇಲೆ ಎಂಟಿಂಚು ಸಿಗಲಿಲ್ಲ. ಇದ್ದ ಐದಿಂಚಿನಲ್ಲೇ ಪ್ಲೈವುಡ್‌ನ ಸಣ್ಣ ಪೆಲ್ಮೆಟ್, ಅಂದ್ರೆ ಪರದೆಯ ತಲೆಯನ್ನ ಮುಚ್ಚೋ ಪೆಟ್ಟಿಗೆ, ಮಾಡಿಸಿ, ಅದರ ಅಡಿಗೆ ಟ್ರ್ಯಾಕ್ ಹಾಕಿಸಿದ್ವಿ. ಹಳೇ ಮನೆಗಳಲ್ಲಿ ಅಜ್ಜಂದಿರ ಕಾಲದ ಮರದ ಪೆಲ್ಮೆಟ್ ನೋಡಿ ಈಗಿನವರು "ಔಟ್ ಆಫ್ ಫ್ಯಾಷನ್" ಅಂತ ಕಿತ್ತು ಎಸೀತಾರಲ್ಲ, ಕತ್ತಲೆ ಬೇಕಾದವರಿಗೆ ಮೇಲಿನ ಬೆಳಕು ತಡೆಯೋಕೆ ಅದಕ್ಕಿಂತ ಒಳ್ಳೆ ವ್ಯವಸ್ಥೆ ನಾನು ನೋಡಿಲ್ಲ.

ಐಲೆಟ್ ಬದಲು ನೆರಿಗೆ ಹಿಡಿದು ಹುಕ್ ಹಾಕೋ ಹೊಲಿಗೆ ಮಾಡಿಸಿದ್ವಿ, ಅಮೆರಿಕನ್ ಪ್ಲೀಟ್ ಅಂತಾರಲ್ಲ ಅದು. ಟ್ರ್ಯಾಕ್ ಗೋಡೆಗೆ ಹತ್ತಿರ ಕೂರುತ್ತೆ, ಬಟ್ಟೆಯ ತಲೆ ಟ್ರ್ಯಾಕನ್ನ ಮುಚ್ಚುತ್ತೆ. ಎರಡು ಪಾರ್ಟಿನ ಬದಲು ಒಂದೇ ಪರದೆ, ಒಂದು ಕಡೆಗೆ ಸರಿಸೋ ಹಾಗೆ. ನಾಲ್ಕಡಿ ಕಿಟಕಿಗೆ ನಡುವೆ ಸಂದಿ ಇಟ್ಟುಕೊಳ್ಳೋ ದರ್ದು ಏನಿದೆ? ಎರಡೂ ತುದಿಯಲ್ಲಿ ಬಟ್ಟೆಯನ್ನ ಮೂರು ಇಂಚು ಗೋಡೆ ಕಡೆಗೆ ತಿರುಗಿಸಿ, ಗೋಡೆಗೊಂದು ಹುಕ್ ಹೊಡೆದು ಕೊನೆಯ ನೆರಿಗೆಯನ್ನ ಅದಕ್ಕೆ ಸಿಕ್ಕಿಸಿಬಿಟ್ವಿ. ಈ ಹುಕ್ಕಿನ ಬೆಲೆ ಚಿಲ್ಲರೆ ಕಾಸು. ಆದ್ರೆ ಪಕ್ಕದ ಬೆಳಕಿಗೆ ಇಷ್ಟು ಕೆಲಸ ಮಾಡೋ ವಸ್ತು ಇನ್ನೊಂದಿಲ್ಲ.

ಈಗ ಹೊಲಿಗೆಗೆ ಬರ್ತೀನಿ, ಗಿಡ್ಡ ಕಿಟಕಿಗೆ ಒಂದು ಅನುಕೂಲ ಇರೋದು ಇಲ್ಲೇ. ಕೋಟಿಂಗ್ ಬಟ್ಟೆಗೆ ಸೂಜಿ ಚುಚ್ಚಿದ ಕಡೆಯೆಲ್ಲಾ ತೂತು ಉಳಿಯುತ್ತೆ. ಪಟ್ಟಿಗೆ ಪಟ್ಟಿ ಜೋಡಿಸಿದ ಹೊಲಿಗೆ ಬಿಸಿಲಲ್ಲಿ ಚುಕ್ಕಿಚುಕ್ಕಿ ಸಾಲಾಗಿ ಮಿನುಗುತ್ತೆ. ಬಿಚ್ಚಿ ಮತ್ತೆ ಹೊಲಿದ್ರೆ ಎರಡು ಸಾಲು. ನಾಲ್ಕಡಿ ಅಂದ್ರೆ 48 ಇಂಚು, ಎರಡೂ ಪಕ್ಕ ಹತ್ತು ಹತ್ತು ಸೇರಿ 68, ತಿರುಗಿಸೋಕೆ ಮೂರು ಮೂರು ಸೇರಿ 74. ನೆರಿಗೆಗೆ ಎರಡು ಪಟ್ಟು ಅಂದ್ರೆ 148 ಇಂಚು ಬಟ್ಟೆ. ಎಲ್ಲರೂ ಹೊಲಿಯೋ ಹಾಗೆ ಉದ್ದಕ್ಕೆ ಕತ್ತರಿಸಿದ್ರೆ ಮೂರು ಪಟ್ಟಿ ಜೋಡಿಸಬೇಕು, ಎರಡು ಜೋಡಣೆ. ಎತ್ತರ ನೋಡಿ, ಎ.ಸಿ. ಅಡ್ಡ ಇಲ್ಲ ಅಂದ್ಕೊಳ್ಳಿ: ಕಿಟಕಿ 24 ಇಂಚು, ಮೇಲೆ ಕೆಳಗೆ ಎಂಟೆಂಟು, ಒಟ್ಟು 40. ಮೇಲೆ ಕೆಳಗಿನ ಮಡಿಕೆಗೆ ಇನ್ನು 12 ಇಂಚು ಸೇರಿಸಿದ್ರೆ 52. ಬಟ್ಟೆಯ ಪನ್ನ, ಅಂದ್ರೆ ಥಾನಿನ ಅಗಲ, 54 ಇಂಚಿನದ್ದು ತಗೊಂಡ್ರೆ ಬಟ್ಟೆಯನ್ನ ಅಡ್ಡ ತಿರುಗಿಸಿ ಒಂದೇ ತುಂಡಲ್ಲಿ ಮುಗಿಸಬಹುದು. ಜೋಡಣೆಯೇ ಇಲ್ಲ. ಬೇಕಾಗೋದು ನಾಲ್ಕು ಮೀಟರ್‌ಗಿಂತ ಸ್ವಲ್ಪ ಕಮ್ಮಿ. 48 ಇಂಚು ಪನ್ನದ ಬಟ್ಟೆಯಾದ್ರೆ ಈ ಆಟ ನಡೆಯಲ್ಲ, ಹಾಗಾಗಿ ಬಣ್ಣ ಕೇಳೋ ಮುಂಚೆ ಪನ್ನ ಕೇಳಬೇಕು. ಹೂವು, ಬಳ್ಳಿ ಇರೋ ಪ್ರಿಂಟ್ ಆದ್ರೆ ಅಡ್ಡ ಮಲಗಿಬಿಡುತ್ತೆ, ಪ್ಲೇನ್ ಬಟ್ಟೆಗೆ ಮಾತ್ರ ಇದು ಸರಿ.

ನಮ್ಮ ಟೈಲರ್ ಮಾಸ್ಟ್ರಿಗೆ ಅಡ್ಡ ಕತ್ತರಿಸೋದು ಅಂದ್ರೆ ಸಂಕಟ. "ಫಾಲ್ ಬರಲ್ಲ ರೀ, ಕೆಳಗೆ ಛತ್ರಿ ಹಾಗೆ ಅರಳ್ಕೊಳ್ಳುತ್ತೆ" ಅಂತಾರೆ. ಅವರ ಮಾತಲ್ಲಿ ನಿಜ ಇದೆ. ಗಿಡ್ಡ ಪರದೆಗೆ ಭಾರ ಇಲ್ಲ, ಕೋಟಿಂಗ್ ಬಟ್ಟೆ ಬೇರೆ ಬಿರುಸು, ಹೇಗೆ ಹೊಲಿದ್ರೂ ಕೆಳಗಂಚು ಗೋಡೆ ಬಿಟ್ಟು ಎದ್ದು ನಿಲ್ಲುತ್ತೆ. ಅದಕ್ಕೇ ಕೆಳಗಿನ ಮಡಿಕೆ ಅಗಲವಾಗಿ ಇಟ್ಟು ಒಳಗೆ ತೂಕದ ದಾರ ಕೂರಿಸಿ ಅಂತ ಚೀಟಿಯಲ್ಲೇ ಬರೆದು ಕಳಿಸ್ತೀನಿ. ಸಣ್ಣ ಸಣ್ಣ ತೂಕ ಪೋಣಿಸಿದ ದಾರ, ಮೀಟರ್ ಲೆಕ್ಕದಲ್ಲಿ ಸಿಗುತ್ತೆ. ಕಿಟಕಿ ತೆಗೆದು ಮಲಗೋರಿಗಂತೂ ಇದು ಬೇಕೇ ಬೇಕು, ಇಲ್ಲದಿದ್ರೆ ಗಾಳಿಗೆ ಪರದೆ ಎದ್ದಾಗಲೆಲ್ಲಾ ಮುಖಕ್ಕೆ ಬೆಳಕು ಹೊಡೆಯುತ್ತೆ.

ರೋಲರ್ ಬ್ಲೈಂಡ್ ಹಾಕಿದ್ರೆ ಆಗಲ್ವಾ ಅಂತ ಕೇಳ್ತಾರೆ. ಆಗುತ್ತೆ, ಗೋಡೆ ಮೇಲೆ ಹೊರಗಡೆ ಹಾಕಿದ್ರೆ. ಚೌಕಟ್ಟಿನ ಒಳಗೆ ಹಾಕಿದ್ರೆ ಬ್ರಾಕೆಟ್ಟಿಗೆ ಜಾಗ ಬೇಕಾಗಿ ಎರಡೂ ಪಕ್ಕ ಅರ್ಧ ಇಂಚಿನ ಸುಮಾರು ಸಂದಿ ಉಳಿದೇ ಉಳಿಯುತ್ತೆ. ಸೊಳ್ಳೆ ಜಾಲರಿ ಬಾಗಿಲು ಒಳಕ್ಕೆ ತೆರೆಯೋ ಹಾಗಿದ್ರೆ ಬ್ಲೈಂಡ್‌ಗೆ ಬಡಿಯುತ್ತೆ ಅನ್ನೋದೂ ಎಷ್ಟೋ ಮನೆಗಳಲ್ಲಿ ದುಡ್ಡು ಕೊಟ್ಟಮೇಲೆ ಗೊತ್ತಾಗೋ ವಿಷಯ. ಕಿಟಕಿ ಕೆಳಗೆ ತೊಟ್ಟಿಲೋ ಮಗುವಿನ ಮಂಚವೋ ಇದ್ರೆ ನೇತಾಡೋ ಚೈನಿನ ಬ್ಲೈಂಡ್ ಬೇಡವೇ ಬೇಡ, ಕುತ್ತಿಗೆಗೆ ಸುತ್ತಿಕೊಳ್ಳೋ ಅಪಾಯ ಇದೆ. ಆ ವಿಷಯದಲ್ಲಿ ನಾನು ಗಿರಾಕಿ ಜೊತೆ ಜಗಳಕ್ಕೂ ನಿಲ್ತೀನಿ.

ಇನ್ನು ದಿಕ್ಕು. "ಉತ್ತರದ ಕಿಟಕಿ, ಬಿಸಿಲು ಬರಲ್ಲ" ಅಂತ ಜನ ನಿಶ್ಚಿಂತೆಯಿಂದ ಇರ್ತಾರೆ. ಬೆಂಗಳೂರು ಇರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ನಡುಮಧ್ಯಾಹ್ನದ ಸೂರ್ಯನೇ ನೆತ್ತಿಯಿಂದ ಉತ್ತರಕ್ಕೆ ವಾಲಿರ್ತಾನೆ. ಸಜ್ಜಾ ಇರೋದ್ರಿಂದ ಮಧ್ಯಾಹ್ನ ಬಚಾವ್, ಬೆಳಗ್ಗೆ ಮತ್ತು ಸಂಜೆ ಮಾತ್ರ ಓರೆಯಾಗಿ ಒಳಗೆ ಬಂದೇ ಬರ್ತಾನೆ. ಜನವರಿಯಲ್ಲಿ ಅಳತೆ ಕೊಟ್ಟು, ಪಕ್ಕದ ಮುಚ್ಚಿಗೆ ಕಮ್ಮಿ ಸಾಕು ಅಂತ ಉಳಿಸಿದವರು ಮೇ ತಿಂಗಳಲ್ಲಿ ಫೋನ್ ಮಾಡ್ತಾರೆ. ಹಳೇ ಮನೆಯಾದ್ರೆ ತಲೆ ಎತ್ತಿ ವೆಂಟಿಲೇಟರ್ ಕೂಡ ನೋಡಿ. ಕೆಳಗಿನ ಕಿಟಕಿಗೆ ಸಾವಿರಗಟ್ಟಲೆ ಸುರಿದು, ಮೇಲಿನ ಗವಾಕ್ಷಿಯಿಂದ ಟ್ಯೂಬ್‌ಲೈಟ್ ಹಚ್ಚಿದಷ್ಟು ಬೆಳಕು ಬರೋ ಕೋಣೆಗಳನ್ನ ನಾನು ಬೇಕಾದಷ್ಟು ನೋಡಿದ್ದೀನಿ.

ಓನರ್ ಗೋಡೆಗೆ ಮೊಳೆ ಹೊಡೆಯೋಕೆ ಬಿಡಲ್ಲ ಅನ್ನೋರಿಗೆ ವೆಲ್ಕ್ರೋ ಪಟ್ಟಿ ಇದೆ. ಮರದ ಚೌಕಟ್ಟಿಗೆ ಅಂಟಿಸಿ, ಡಿಸ್ಟೆಂಪರ್ ಗೋಡೆಗೆ ಬೇಡ. ಅಲ್ಲಿ ಅಂಟು ಹಿಡಿಯೋದು ಗೋಡೆಯನ್ನಲ್ಲ, ಬಣ್ಣದ ಪದರವನ್ನ. ಕೀಳುವಾಗ ಅದೂ ಕಿತ್ತು ಬರುತ್ತೆ, ಅಡ್ವಾನ್ಸಲ್ಲಿ ಪೇಂಟಿಂಗ್ ಅಂತ ಮುರ್ಕೊಳ್ತಾರೆ.

ಕೋಟಿಂಗ್ ಬಟ್ಟೆಯನ್ನ ಇಸ್ತ್ರಿ ಮಾಡೋದಾದ್ರೆ ಮುಂಬದಿಯಿಂದ, ಕಮ್ಮಿ ಬಿಸಿಯಲ್ಲಿ. ಬ್ಲೀಚ್ ಹಾಕಬೇಡಿ, ಹಿಂಡಬೇಡಿ. ಒಗೆದು ಮಡಚಿ ತಿಂಗಳುಗಟ್ಟಲೆ ಬೀರುವಲ್ಲಿ ಒತ್ತಿ ಇಟ್ರೆ ಮಡಿಕೆ ಗುಂಟ ಪದರ ಬಿರುಕು ಬಿಡುತ್ತೆ.

ಹಾಕಿಸೋ ಅಪಾಯಿಂಟ್‌ಮೆಂಟ್ ಸಂಜೆ ಏಳಕ್ಕೆ ಕೊಡ್ತೀವಿ ಅಂದ್ರೆ ಒಪ್ಪಬೇಡಿ. ಕತ್ತಲಾದಮೇಲೆ ಎಂಥಾ ಪರದೆಯೂ ಬ್ಲ್ಯಾಕೌಟೇ. ಹಗಲು ಹನ್ನೆರಡರ ಹೊತ್ತಿಗೆ ಬರೋಕೆ ಹೇಳಿ, ಬಾಗಿಲು ಹಾಕಿಸಿ, ಫಿಟ್ಟರ್ ಡ್ರಿಲ್ ಮಷಿನ್ನನ್ನ ಬ್ಯಾಗಿಗೆ ಹಾಕೋಕೆ ಮುಂಚೆ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.